ತಿದ್ದದೆ ಕಳುಹಿಸು

ಪುತ್ತೂರು, ಆಗಸ್ಟ್ ೧೯೬೮

ಮೈ ಡಿಯರ್ ಬೋಜಪ್ಪ, ಆಶೀರ್ವಾದಗಳು.

ನನ್ನ ಹತ್ತಿರ ಲೆಕ್ಕ ಕಲಿತ ನೀನೇ ಈಗ ನಮ್ಮ ಕಾಲೇಜಿನ ಮಾಸ್ತರುಗಳಿಗೆ ಕಂಪ್ಯೂಟರ್ ಕಲಿಸುವುದು ಸಂತೋಷ. ಮೆಷಿನು ಬೆಂಗಳೂರಿನಲ್ಲಿ, ನಾವು ಬರೆದ ಪ್ರೋಗ್ರಾಮು ನಿನ್ನ ಕೈಯಿಂದ ಅಂಚೆಯಲ್ಲಿ ಹೋಗಿ ಉತ್ತರ ಬರಬೇಕು. ಉಳಿದವರದ್ದೆಲ್ಲ ತಪ್ಪಾಗಿ ಬಂತು, ನನ್ನದು ಮಾತ್ರ ಪರ್ಫೆಕ್ಟ್ಲಿ ಕರೆಕ್ಟ್! ಕೇಳಿದರೆ ನೀನು, “ನಿಮ್ಮದು ಸರಿಯೇ ಉಂಟು ಸಾರ್” ಎಂದೆ. ಎಂತ ಸರಿ ಮಾರಾಯ? ನನ್ನ ಪ್ರತಿ ತೆಗೆದು ನೋಡಿದರೆ ನಾನೊಂದು ಸಾಲನ್ನೇ ಬಿಟ್ಟಿದ್ದೆ. ಗುರುವಿನ ಕಾಗದಕ್ಕೆ ಕೆಂಪು ಶಾಯಿ ಹಾಕಲಾರದೆ ನೀನು ಗುಟ್ಟಾಗಿ ತಿದ್ದಿದ್ದೀಯ.

ಬರುವ ವರ್ಷ ಇದನ್ನು ಹುಡುಗರಿಗೆ ಕಲಿಸಬೇಕಾದವನು ನಾನು. ಜತೆಗಿಟ್ಟ ಪ್ರೋಗ್ರಾಮನ್ನು ಹಾಗೆಯೇ ಕಳುಹಿಸು. ತಪ್ಪು ಬಂದರೆ ಎಲ್ಲರೆದುರೇ ಹೇಳು. “ನಿಮ್ಮ ಲೆಕ್ಕ ತಪ್ಪು ಮಾರಾಯ್ರೆ” ಎಂದು ಮುಖಕ್ಕೆ ಹೇಳುವ ಧೈರ್ಯ ನನ್ನ ಹೆಂಡತಿ ದೇವಕಿಗಿತ್ತು. ಅವಳು ತೀರಿದ ಮೇಲೆ ಮನೆಯಲ್ಲಿ ನಾನು ಹೇಳಿದ್ದೆಲ್ಲ ಸರಿಯೇ.

ನಿನ್ನ ಲೆಕ್ಕದ ಮಾಸ್ತರ,
ತಿರುಮಲೇಶ್ವರ ಭಟ್ಟ