ಬೇರು ಸಮೇತ ಬರೆದ ಹೊನಗೊನ್ನೆ

ಕೋಗಿಲು, ಆಗಸ್ಟ್ ೧೯೬೪

ಅವ್ವ,

ನೀನಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಈಗ ನೀನೇ ಇಲ್ಲ. ಆದರೂ ಬರೆಯುತ್ತಿದ್ದೇನೆ.

ನಾನು ಬರೆದ ಸೊಪ್ಪಿನ ಚಿತ್ರಗಳನ್ನು ಇವತ್ತು ಯಲಹಂಕದ ನಮ್ಮ ಶಾಲೆಯಲ್ಲಿ ತೂಗುಹಾಕಿದ್ದರು. ನಿನ್ನ ಜೊತೆ ಸೊಪ್ಪು ಕುಯ್ಯಲು ಹೋಗುತ್ತಿದ್ದ ಸೊಣ್ಣಮ್ಮನೂ ಬಂದಿದ್ದಳು. ಹೊನಗೊನ್ನೆ ಸೊಪ್ಪಿನ ಚಿತ್ರದ ಮುಂದೆ ನಿಂತವಳು ಕದಲಲೇ ಇಲ್ಲ.

"ಬೇರ್ ಯಾಕಪ್ಪಾ ಕಿತ್ತೆ? ನಿಮ್ಮವ್ವ ಕುಡಿ ಚಿವುಟ್ತಿದ್ಲೇ ಹೊರ್ತು ಒಂದಿನಾನೂ ಬುಡಕ್ಕೆ ಕೈ ಹಾಕ್ದೋಳಲ್ಲ."

"ಚಿತ್ರಕ್ಕೆ ಬೇರೂ ಬೇಕು ಸೊಣ್ಣಮ್ಮತ್ತೆ" ಎಂದೆ. ಚಳಿಗಾಲದಲ್ಲಿ ಅದನ್ನು ಬರೆಯುವಾಗ, ಮುಗಿಸುವ ಮೊದಲೇ ಗಿಡ ಬಾಡುತ್ತಿತ್ತು. ಬಾಡಿದಾಗಲೆಲ್ಲ ಇನ್ನೊಂದನ್ನು ಕಿತ್ತು ತಂದೆ, ಕೆರೆಯ ತೂಬಿನ ಬಳಿ ಒಂದೂ ಉಳಿಯದಂತಾಗುವ ತನಕ. ಅದನ್ನು ಅವಳಿಗೆ ಹೇಳಲಿಲ್ಲ. ನಿನಗೂ ಹೇಳಿರಲಿಲ್ಲ.

ಬೇಸಿಗೆಯಲ್ಲಿ, ನಿನ್ನ ಕೊನೆಯ ವಾರ, ಬಾಯಿಗೆ ಏನೂ ರುಚಿಸದೆ ನೀನು ಹೊನಗೊನ್ನೆ ಸಾರು ಕೇಳಿದೆ. ನಾನು ಕೆರೆಯ ತನಕ ಹೋಗಲೇ ಇಲ್ಲ. ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದು, "ಮಳೆ ಇಲ್ಲ, ಎಲ್ಲಾ ಒಣಗೋಗದೆ ಕಣವ್ವಾ" ಎಂದೆ.

"ಬೇರಿದ್ರೆ ಸಾಕು, ಮಳೆ ಉಯ್ದ್ ಮ್ಯಾಕೆ ಚಿಗುರ್ತದೆ ಬಿಡು" ಎಂದು ನೀನೇ ನನಗೆ ಸಮಾಧಾನ ಹೇಳಿದೆ.

ಮಳೆ ಹುಯ್ದು ತಿಂಗಳಾಯಿತು. ದಿನವೂ ತೂಬಿನ ಹತ್ತಿರ ಹೋಗಿ ನೋಡಿ ಬರುತ್ತಿದ್ದೇನೆ.