ರೂಬಿ ಹೆಸರಿನ ಕುಂಬಳಕಾಯಿ

ಔರಾದ
ಮಂಗಳವಾರ, ಜನವರಿ ೨೧, ೨೦೨೫

ಮುನಿಸಿಕೊಂಡು ಕೂತ ಮಗಳು ರೂಬಿಗೆ,

ದೇವರ ದಯೆಯಿಂದ ನಾವಿಲ್ಲಿ ಚೆನ್ನಾಗಿದ್ದೇವೆ. ಕುಂಬಳಕಾಯಿಯೂ ಚೆನ್ನಾಗಿದೆ. ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡಿಯೂ ಸುಮ್ಮನಿರುತ್ತೀ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ನಮ್ಮ ಚರ್ಚಿನ ಸಲೋಮಿ ಸಿಸ್ಟರ್ ಬೀದರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ನೌಬಾದದ ನಿನ್ನ ರೂಮಿನ ಬಾಗಿಲನ್ನು ಅವರಿಗಾದರೂ ತೆಗೆ.

ನಿನ್ನ ಸಿಟ್ಟು ನನಗೆ ಗೊತ್ತು. ಫೆಲೋಶಿಪ್‌ನವರು ಕರೆದದ್ದು ಬರೀ ಇಂಟರ್‌ವ್ಯೂಗೆ. ನಿಮ್ಮಪ್ಪ ಅದನ್ನೇ ಆಯ್ಕೆ ಎಂದುಕೊಂಡರು. ಸುಗ್ಗಿ ಹಬ್ಬದ ದಿನ ಚರ್ಚಿನಲ್ಲಿ ಕಾಣಿಕೆಯ ಫಸಲು ಹರಾಜು ಹಾಕುವಾಗ, ಎಲ್ಲಕ್ಕಿಂತ ದೊಡ್ಡ ಕುಂಬಳಕಾಯಿಯನ್ನು ಹಟಕ್ಕೆ ಬಿದ್ದು ಕೂಗಿ ಪಡೆದರು. ‘ನಮ್ಮ ರೂಬಿಗಿ ಫೆಲೋಶಿಪ್ ಸಿಕ್ಕದರಿ, ಇದು ಅಕಿ ಹೆಸರಿನ ಕಾಯಿ’ ಎಂದು ಸಾರಿ, ಹೆಗಲ ಮೇಲೆ ಹೊತ್ತು ತಂದರು. ಆಮೇಲೆ ನಿನಗೆ ಸಿಗಲಿಲ್ಲ. ನೀನು ಇಲ್ಲಿ ಬಸ್ಸಿಳಿದರೆ ಸಾಕು, ‘ಫೆಲೋಶಿಪ್ಪಿಗಿ ಯಾವಾಗ ಹೋಗ್ತಿ ಬೇಟಾ?’ ಎಂದು ಕೇಳುವವರೇ ಎಲ್ಲ. ನೀನು ಕ್ರಿಸ್‌ಮಸ್ಸಿಗೂ ಬರಲಿಲ್ಲ. ಆ ದಿನ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಊರಿಗೆ ಬರದಿದ್ದರೆ ಬಿಡು. ಇನ್ನು ಎಲ್ಲಿಗೂ ಅರ್ಜಿ ಹಾಕುವುದಿಲ್ಲ ಅಂದೆಯಂತಲ್ಲ, ನಿನ್ನ ರೂಮಿನ ಮಂಜಿರಿ ಹೇಳಿದಳು. ನನಗೆ ನೋವಾದದ್ದು ಅದಕ್ಕೆ.

ಈಗ ಸುದ್ದಿ ಕೇಳು. ಮೊನ್ನೆ ಭಾನುವಾರ ಚರ್ಚಿನಲ್ಲಿ ಪಾದ್ರಿಯವರ ಪ್ರಸಂಗ ಮುಗಿದದ್ದೇ ನಿಮ್ಮಪ್ಪ ಎದ್ದು ನಿಂತರು. ನಾನು ಅಂಗಿ ಹಿಡಿದು ಜಗ್ಗಿದೆ, ಕೂರಲಿಲ್ಲ. ‘ನನ್ನ ಮಗಳಿಗಿ ಫೆಲೋಶಿಪ್ ಸಿಕ್ಕಿಲ್ರಿ. ಗಡಬಡ ಮಾಡಿ ತಪ್ಪ ಹೇಳಿದಾಂವ ನಾನು. ಅಕಿದೇನೂ ತಪ್ಪಿಲ್ರಿ’ ಅಂದರು. ನಗುವವರನ್ನು ಬಯ್ಯಲು ನಾನು ತಯಾರಾಗಿಯೇ ಇದ್ದೆ, ಆದರೆ ಯಾರೂ ನಗಲಿಲ್ಲ. ಸಲೋಮಿ ಸಿಸ್ಟರ್ ಹೊರಗೆ ಬಂದು, ‘ಅಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ಕೋತೀರಿ? ಭಾಲ್ಕಿ ಉಮಾಶ್ರೀಗಿ ಫೆಲೋಶಿಪ್‌ನವರು ಎರಡ ಸಲ ಇಲ್ಲ ಅಂದಿದ್ರು’ ಅಂದರು.

ಅವತ್ತಿನಿಂದ ಚರ್ಚಿನ ಇಡೀ ಸಭೆ ನಿನಗಾಗಿ ಫೆಲೋಶಿಪ್ ಹುಡುಕುತ್ತಿದೆ. ಸೈಮನ ಮಾಮಾ ಅಂತೂ ಕಂಡದ್ದನ್ನೆಲ್ಲ ಫೋನಿಗೆ ಕಳಿಸುತ್ತಾರೆ. ನಿನ್ನೆ ಬಂದದ್ದು ಸಮುದ್ರದ ಮೀನಿನ ಬಗ್ಗೆ ಸಂಶೋಧನೆ ಮಾಡುವವರಿಗೆ.

ಉಮಾಶ್ರೀ ಜೊತೆ ನಾನೇ ಮಾತಾಡಿದೆ. ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಕುಡಿಯುವ ನೀರಿನ ಕೆಲಸ ಮಾಡುತ್ತಾಳೆ, ಫೆಲೋಶಿಪ್ ಮೇಲೆಯೇ. ವಿಜ್ಞಾನದ ಯಾವ ಪದವಿಯಾದರೂ ನಡೆಯುತ್ತದಂತೆ, ತಿಂಗಳಿಗೆ ಖರ್ಚಿಗೂ ಕೊಡುತ್ತಾರಂತೆ. ಈ ಸಲ ಅರ್ಜಿಗೆ ಶುಕ್ರವಾರವೇ ಕಡೆಯ ದಿನ. ಹೋದ ಸಲ ನೀನು ಅರ್ಜಿಯಲ್ಲಿ ದೇಶಸೇವೆ ಅಂತ ಬರೆದಿದ್ದೆ ಎಂದಾಗ ಅವಳು ನಕ್ಕಳು. ‘ಅದು ಎಲ್ಲಾರೂ ಬರೀತಾರ್ರಿ ಅಕ್ಕಾ. ರೂಬಿ ಬಗದಲ್ ಊರಾಗ ಬಾವಿ ನೀರ ಪರೀಕ್ಷಾ ಮಾಡ್ಯಾಳಂತಲ್ಲ, ಅದನ್ನ ಬರೀಲಿ’ ಅಂದಳು. ಬಾಟಲಿ ಹಿಡಿದು ಬಾವಿ ಬಾವಿ ತಿರುಗಿದೆಯಲ್ಲ, ನೀರಿಗೆ ಬಂದ ಹೆಂಗಸರು ಬೈದರೂ ಬಿಡದೆ? ಅದೇ ರೂಬಿ ನನಗೆ ಬೇಕು.

ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಮನೆಯಲ್ಲಿ ಒಬ್ಬರಿದ್ದಾರೆ, ಸಾಕು. ಅರ್ಜಿ ಮಾತ್ರ ಹಾಕು.

ನಿನ್ನ ದಾರಿ ನೋಡುತ್ತಿರುವ
ಅವ್ವ, ಮಾರ್ಥಾ

ತಾ.ಕ.: ಪತ್ರ ಸಲೋಮಿ ಸಿಸ್ಟರ್ ಕೈಗೆ ಹೋಗುತ್ತಿಲ್ಲ, ತಾವೇ ತರುತ್ತೇನೆಂದು ನಿಮ್ಮಪ್ಪ ಹೊರಟು ನಿಂತಿದ್ದಾರೆ. ಮಂಜಿರಿ ಕೈಯಲ್ಲಿ ಇದನ್ನು ಒಳಗೆ ಕಳಿಸಿ, ತಾವು ಗೇಟಿನ ಹೊರಗೇ ನಿಲ್ಲುತ್ತಾರಂತೆ. ನಿನ್ನೆದುರು ಬರಲು ಅಂಜಿಕೆ. ಹೆಗಲ ಮೇಲೆ ಕುಂಬಳಕಾಯಿ ಇರುತ್ತದೆ. ಇನ್ನೂ ಅದನ್ನು ಯಾಕೆ ಹೊರುತ್ತೀರಿ ಎಂದರೆ, ‘ಫೆಲೋಶಿಪ್ ಸಿಗಲಿ ಬಿಡಲಿ, ಕಾಯಿ ಅಕಿದೇ’ ಅನ್ನುತ್ತಾರೆ. ಬೇಗ ಹೊರಗೆ ಹೋಗು ಮಗಳೇ, ಅದು ಬಲು ಭಾರ ಇದೆ.