ಕುರೂಪಿ ಎಂದು ಮುದ್ದಿಸಿದ ತಪ್ಪಿಗೆ

ಮಾನ್ಯರೇ,

ಇನ್ನೂ ಸರಿಯಾಗಿ ಕರೆಯಬೇಕೆಂದರೆ, ನಮ್ಮ ನದಿತೀರದ ಪ್ರಾಂತೀಯ ಆಸ್ಪತ್ರೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಜೊಲ್ಲನ್ನು ಹತ್ತಿಯಲ್ಲಿ ಒರೆಸಿ ಅವುಗಳ ದುಃಖವನ್ನು ಅಳೆಯುವ ಸಂಶೋಧನಾ ವಿಭಾಗದ ನಿರ್ದೇಶಕರೇ,

ಕಳೆದ ಸೋಮವಾರದಿಂದ ನನ್ನ ತಂಗಿಯ ಮಗಳು ರೇವದೀ ತನ್ನ ಮಗುವನ್ನು ಎದೆಗೆ ಒತ್ತಿಕೊಳ್ಳುವಂತಿಲ್ಲ. ಗಾಜಿನ ಆಚೆಯಿಂದ ನೋಡಬಹುದು, ಹಾಲು ಹಿಂಡಿ ಬಟ್ಟಲಲ್ಲಿ ಕೊಡಬಹುದು, ಅಷ್ಟೇ. ಅವಳ ಅಪರಾಧ ಇಷ್ಟು: ಮಗುವಿನ ಮುಖ ನೋಡಿ, "ಎಷ್ಟು ಕುರೂಪಿಯೇ ನೀನು, ನೋಡೋಕೇ ಅಸಹ್ಯ" ಎಂದದ್ದು. ಅದನ್ನು ನಿಮ್ಮ ಯಂತ್ರ ಕೇಳಿಸಿಕೊಂಡಿತು. ಯಂತ್ರಕ್ಕೆ ಬೇಸರವಾಯಿತು. ಯಂತ್ರದ ಬೇಸರವನ್ನು ನಿಮ್ಮ ವಿಭಾಗ ಗೌರವಿಸಿತು. ಕಚೇರಿಗೆ ಕೊಟ್ಟ ಮನವಿಗೆ ಉತ್ತರ ಬಾರದ ಕಾರಣ, ಊರಿನ ಪತ್ರಿಕೆಯ ಮೂಲಕ ನಿಮ್ಮನ್ನು ಮಾತಾಡಿಸುತ್ತಿದ್ದೇನೆ. ಇಲ್ಲಿ ನನ್ನ ಮಾತು ಕೇಳಿ ಯಾವ ಕೆಂಪು ದೀಪವೂ ಉರಿಯುವುದಿಲ್ಲವೆಂದು ನಂಬಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ವಿಜ್ಞಾನದ ವೈರಿಯಲ್ಲ. ಕಾಯಿಲೆ ಮೈಮೇಲೆ ಬರುವ ಮೊದಲೇ ರಕ್ತದಲ್ಲಿ, ಜೊಲ್ಲಿನಲ್ಲಿ ಅದರ ಸುಳಿವು ತೇಲಿಬರುತ್ತದೆ, ಆ ಸುಳಿವನ್ನು ಹಿಡಿದರೆ ಮಗು ಉಳಿಯುತ್ತದೆ ಎಂದು ನಿಮ್ಮ ವೈದ್ಯರು ನಮ್ಮನ್ನು ಕೂರಿಸಿಕೊಂಡು ವಿವರಿಸಿದಾಗ ನನಗೆ ಬಹಳ ಸಂತೋಷವಾಗಿತ್ತು. ಏಳನೇ ತಿಂಗಳಿಗೇ ಹೊರಬಂದ ನಮ್ಮ ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು, ಅದರ ಕರುಳಿಗೆ ನಂಜು ಹತ್ತಲಿದೆ ಎಂದು ಜ್ವರ ಬರುವ ಮೊದಲೇ ಕಂಡುಹಿಡಿದವರು ನಿಮ್ಮವರೇ. ಆ ಕೂಸು ಇವತ್ತು ಉಸಿರಾಡುತ್ತಿರುವುದು ಆ ಹನಿಯಿಂದ. ಇದನ್ನು ನಮ್ಮ ಮನೆ ಮರೆಯುವುದಿಲ್ಲ. ಅಂಗೈಯಲ್ಲಿ ಕೂರುವಷ್ಟಿದ್ದ, ತೊಗಲು ಸುಕ್ಕಾಗಿದ್ದ, ಕಣ್ಣು ಮಾತ್ರ ಉಬ್ಬಿದ್ದ ಅದಕ್ಕೆ ನಮ್ಮವ್ವ ಖಿಯತ್ ಎಂದು ಹೆಸರಿಟ್ಟಳು. ಖಿಯತ್ ಎಂದರೆ ಗದ್ದೆಯ ಬದುವಿನ ಪುಟ್ಟ ಕಪ್ಪೆ. ಆ ಹೆಸರು ಅದಕ್ಕೆ ಹೆಚ್ಚೇ ಆಯಿತು. ಕಪ್ಪೆ ನೋಡಲು ಇನ್ನೂ ವಾಸಿ.

ಸಂಶೋಧನೆಯ ಎರಡನೇ ಹಂತಕ್ಕೆ ನಾವು ಸಿಕ್ಕಿಬಿದ್ದದ್ದು ಆಮೇಲೆ. ಮಗುವನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಬಟ್ಟೆಯಲ್ಲಿ ಕಟ್ಟಿಕೊಡುವ ಕೋಣೆ ನಿಮ್ಮಲ್ಲಿದೆಯಲ್ಲ, ಅಲ್ಲಿ ಪ್ರತಿ ಮಂಚದ ತಲೆಯ ಕಡೆ ಒಂದೊಂದು ಬಿಳಿ ಡಬ್ಬಿ ತೂಗುಹಾಕಿದ್ದೀರಿ. ತಾಯಿ ಮಗುವಿನ ಜೊತೆ ಆಡುವ ಮಾತನ್ನು ಅದು ಕೇಳಿಸಿಕೊಳ್ಳುತ್ತದೆ. ಸಿಹಿ ಮಾತಾದರೆ ಹಸಿರು ದೀಪ, ಕಹಿಯಾದರೆ ಕೆಂಪು. ತಾಯಿಯ ಮಾತಿಗೂ ಮಗುವಿನ ಜೊಲ್ಲಿನಲ್ಲಿರುವ ದುಗುಡದ ಸೂಚಕಕ್ಕೂ ಏನು ನಂಟು ಎಂದು ತಿಳಿಯುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ನಮ್ಮ ಕಡೆ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ಇರುವುದರಿಂದ ನಮ್ಮ ಹುಡುಗಿಯರು ಅತ್ತೆಯ ಕಾಟವೆಂದರೇನು ಎಂದು ತಿಳಿಯದೆಯೇ ಬೆಳೆಯುತ್ತಾರೆ. ಆ ಕೊರತೆಯನ್ನು ನಿಮ್ಮ ವಿಭಾಗ ತುಂಬಿಕೊಟ್ಟಿತು. ಗೋಡೆಯ ಮೇಲೆ ಕೂತು, ಎಲ್ಲವನ್ನೂ ಕೇಳಿಸಿಕೊಂಡು, ಬಾಯಿ ಬಿಡದೆ ಮುಖ ಕೆಂಪಗೆ ಮಾಡಿಕೊಳ್ಳುವ ಅದಕ್ಕೆ ಕೋಣೆಯ ತಾಯಂದಿರೆಲ್ಲ ಸೇರಿ ಅತ್ತೆ ಎಂದೇ ಹೆಸರಿಟ್ಟರು.

ಈ ಅತ್ತೆಗೆ ಸಿಹಿ ಯಾವುದು, ಕಹಿ ಯಾವುದು ಎಂದು ಕಲಿಸಿದವರು ಯಾರು ಸ್ವಾಮಿ? ಯಾವುದೋ ದೂರದೇಶದ ತಾಯಂದಿರ ಮಾತುಗಳನ್ನು ರಾಜಧಾನಿಯ ತಂಪು ಕೋಣೆಯಲ್ಲಿ ಕೂತ ಜಾಣರು ಪದಕ್ಕೆ ಪದ ತಿರುಗಿಸಿ ಅದರ ಕಿವಿಗೆ ತುಂಬಿದ್ದಾರೆಂದು ಕೇಳಿದೆ. ಆ ಜಾಣರಿಗೆ ಅಜ್ಜಿಯರು ಇರಲಿಲ್ಲವೇ? ಅವರು ತೊಟ್ಟಿಲಲ್ಲಿದ್ದಾಗ ಮನೆಗೆ ಬಂದವರೆಲ್ಲ ಬಗ್ಗಿ ನೋಡಿ, "ಅಯ್ಯೋ, ಎಂಥ ಅಸಹ್ಯದ ಮಗು" ಎಂದು ಕೆನ್ನೆ ಹಿಂಡಿ ಹೋಗಿರಲಿಲ್ಲವೇ? ಚೆಂದ ಎಂದು ಬಾಯಿಬಿಟ್ಟು ಹೇಳಿದ ಕೂಸಿನ ಮೇಲೆ ಯಾವ ದೆವ್ವದ ಕಣ್ಣು ಬೀಳುತ್ತದೆಂದು ಅವರಿಗೂ ಗೊತ್ತಿತ್ತು. ಓದಿ ಮರೆತರೋ, ಮರೆಯುವುದಕ್ಕೆಂದೇ ಓದಿದರೋ ನನಗೆ ತಿಳಿಯದು. ಕವಿತೆ ಓದುವ ಚಟವಿರುವವರಿಗೆ ಇದು ಹೊಸದಲ್ಲ. ಬೈಗುಳದ ಒಳಗೆ ಹೊಗಳಿಕೆಯನ್ನು ಬಚ್ಚಿಡುವ ನಿಂದಾಸ್ತುತಿಗೆ ಶಾಸ್ತ್ರದಲ್ಲಿ ಜಾಗವಿದೆ. ನಿಮ್ಮ ಡಬ್ಬಿಯಲ್ಲಿ ಇಲ್ಲ.

ಕೋಣೆಗೆ ಬಂದ ಮೊದಲ ದಿನವೇ ನಮ್ಮ ಮಂಚದ ದೀಪ ಕೆಂಪಾಯಿತು. ಕಾರಣ ನಮ್ಮವ್ವ ತೊಂಗ್‌ಪಾನ್. ಮರಿಮಗಳನ್ನು ಗಾಜಿಲ್ಲದೆ ನೋಡಿದ್ದು ಅವಳಿಗೆ ಅದೇ ಮೊದಲು. ಕಣ್ಣಲ್ಲಿ ನೀರು ತುಂಬಿಕೊಂಡು, "ಥೂ, ಇದೇನೇ ಇದು, ಬಾಡಿದ ಬದನೆಕಾಯಿ" ಎಂದಳು.

ರೇವದೀ ಮಗುವಿನ ನೆತ್ತಿ ಮೂಸಿ, "ಬದನೆಕಾಯಾದ್ರೂ ಸಾರಿಗೆ ಬರುತ್ತೆ ಅಜ್ಜಿ. ಇದು ಯಾತಕ್ಕೂ ಬರಲ್ಲ" ಎಂದಳು.

"ನಿನ್ನ ಗಂಡನ ಮೂಗೇ ಬಂದಿದೆ. ಪಾಪ, ಯಾವ ಜನ್ಮದ ಕರ್ಮವೋ."

ಇಬ್ಬರೂ ಅಳುತ್ತ ನಗುತ್ತಿದ್ದರು. ಮಗು ಎದೆಗೆ ಅಂಟಿಕೊಂಡು ನಿದ್ದೆಹೋಯಿತು. ಡಬ್ಬಿ ಮಾತ್ರ ಕೆಂಡದಂತೆ ಉರಿಯುತ್ತಿತ್ತು.

ಪಕ್ಕದ ಮಂಚದಲ್ಲಿ ರಾಜಧಾನಿಯಿಂದ ತವರಿಗೆ ಹೆರಿಗೆಗೆ ಬಂದ ಹುಡುಗಿ. ಆಕೆ ಫೋನಿನಲ್ಲಿ ನೋಡಿಕೊಂಡು, "ನನ್ನ ಸುಂದರಿ, ನನ್ನ ದೇವತೆ, ಜಗತ್ತಲ್ಲೇ ನಿನ್ನಂಥ ಚೆಲುವೆ ಇಲ್ಲ" ಎಂದು ಮಗುವಿಗೆ ಓದಿ ಹೇಳುತ್ತಿದ್ದಳು. ಅವಳ ಡಬ್ಬಿ ಭತ್ತದ ಸಸಿಯ ಹಾಗೆ ಹಸಿರು. ನಮ್ಮವ್ವ ಎದೆ ಹಿಡಿದುಕೊಂಡಳು.

"ಮೆತ್ತಗೆ ಹೇಳೇ ತಾಯಿ. ಯಾರಿಗೆ ಕೇಳಿಸ್ಲಿ ಅಂತ ಹೀಗೆ ಸಾರ್ತಿದ್ದೀಯ?"

"ಡಬ್ಬಿಗೆ ಅಜ್ಜಿ. ಹಸಿರು ಬರದಿದ್ರೆ ಬಂದು ಬುದ್ಧಿ ಹೇಳ್ತಾರೆ."

"ಡಬ್ಬಿಗೆ ಕೇಳಿಸಿದ್ದು ಬೇರೆಯವರಿಗೆ ಕೇಳಿಸಲ್ವಾ?" ಎಂದು ಅವ್ವ ಕಿಟಕಿಯಾಚೆ ನದಿಯ ಕಡೆ ನೋಡಿ, ಆ ಮಗುವಿನ ಪರವಾಗಿ ತಾನೇ ಗಟ್ಟಿಯಾಗಿ ಕೂಗಿದಳು. "ಸುಳ್ಳು, ಎಲ್ಲ ಸುಳ್ಳು. ಈ ಮಗು ಹಂದಿಮರಿ ಥರ ಇದೆ. ಯಾರೂ ಬರಬೇಡಿ."

ಪಕ್ಕದ ಮಂಚದ ಡಬ್ಬಿಯೂ ಕೆಂಪಾಯಿತು. ಆ ಹುಡುಗಿ ಅವ್ವನ ಮೇಲೆ ದೂರು ಕೊಡುತ್ತಾಳೆಂದುಕೊಂಡೆ. ಅವಳು ಅವ್ವನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಹೇಳಿ ಅಜ್ಜಿ" ಎಂದಳು.

ಈಗ ಮೊರದ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಡತದಲ್ಲಿ ಇದಕ್ಕೆ "ಶಿಶುವನ್ನು ಅನ್ಯರಿಗೆ ಒಪ್ಪಿಸುವ ಯತ್ನ" ಎಂಬ ಹೆಸರಿದೆಯಂತೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ, ಅದು ದೆವ್ವದ ಮಗುವೋ ಮನುಷ್ಯರ ಮಗುವೋ ಎಂದು ಒಂದು ಸಲ ಇತ್ಯರ್ಥ ಮಾಡಿಕೊಳ್ಳುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ನೀವೂ ಒಂದು ಮೊರ ದಾಟಿಯೇ ಬಂದಿರುತ್ತೀರಿ. ಖಿಯತ್ ಗಾಜಿನೊಳಗಿದ್ದ ಕಾರಣ ಅವಳದ್ದು ಬಾಕಿ ಉಳಿದಿತ್ತು. ಅವ್ವ ಹಣ್ಣು ಇಡಲು ಎಂದು ಕಾವಲುಗಾರನಿಗೆ ಹೇಳಿ ಮೊರ ತಂದಳು. ನರ್ಸ್ ಓರನುಚ್ ಮೊರ ನೋಡಿದ ಕೂಡಲೇ ವಿಷಯ ತಿಳಿದುಕೊಂಡರು. ಅವರೂ ಈ ಕಡೆಯವರೇ.

"ಮಗೂನ ಮೊರದಲ್ಲಿ ಇಡೋ ಹಾಗಿಲ್ಲ ಅಜ್ಜಿ. ಸೋಂಕು ತಗಲುತ್ತೆ. ಅಮ್ಮನ ಎದೆ ಮೇಲೇ ಇರಲಿ. ಬೇಕಿದ್ರೆ ಮೊರಾನ ಕುರ್ಚಿ ಕೆಳಗೆ ಇಡಿ."

"ದೆವ್ವಕ್ಕೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಬಿಡಿ. ಅದಕ್ಕೇನು ಡಬ್ಬಿಯಷ್ಟು ದಡ್ಡತನ ಇರಲ್ಲ."

ಅವ್ವ ಮೊರವನ್ನು ಕುರ್ಚಿಯ ಕೆಳಗಿಟ್ಟು, ಕೈಮುಗಿದು, ಕೋಣೆಗೆಲ್ಲ ಕೇಳುವಂತೆ ಕರೆದಳು. "ಇದು ಯಾರ ಮಗು? ನಿಮ್ದಾದ್ರೆ ಇವತ್ತೇ ಎತ್ಕೊಂಡು ಹೋಗಿ. ಇವತ್ತು ದಾಟಿದ್ರೆ ನಮ್ದು." ಹೀಗೆ ಕರೆದಾಗ ಹತ್ತಿರದಲ್ಲಿರುವ ಒಬ್ಬ ಹೆಂಗಸು ಉತ್ತರ ಕೊಡಬೇಕು. ಓರನುಚ್ ಕೈಯಲ್ಲಿದ್ದ ಸಿರಿಂಜಿನ ತಟ್ಟೆಯನ್ನು ಕೆಳಗಿಟ್ಟು, "ನನ್ನ ಮಗು. ನನಗೆ ಕೊಡಿ" ಎಂದರು. ಎಲ್ಲರೂ ನಿರಾಳವಾದರು. ಮನುಷ್ಯರ ಪೈಕಿಯೇ ಎಂದು ಖಾತ್ರಿಯಾದ ಮೇಲೆ ಅಂಟಕ್ಕಿ ಅನ್ನ, ಸುಟ್ಟ ಕೋಳಿ ಹಂಚಿ ತಿಂದೆವು.

ಮಾರನೆಯ ದಿನ ಶಿಶು ಕಲ್ಯಾಣದ ಅಧಿಕಾರಿ ಬಂದರು. ಯಂತ್ರದ ಪ್ರಕಾರ ಒಬ್ಬ ಮುದುಕಿ ಮಗುವನ್ನು ಹರಾಜಿಗೆ ಕೂಗಿದ್ದಾಳೆ, ಸ್ಥಳದಲ್ಲೇ ಗಿರಾಕಿಯೂ ಸಿಕ್ಕಿದ್ದಾರೆ, ಆ ಗಿರಾಕಿ ಆಸ್ಪತ್ರೆಯ ಸಿಬ್ಬಂದಿ. ಓರನುಚ್ ಅವರನ್ನು ಆ ದಿನವೇ ಕಣ್ಣಿನ ವಿಭಾಗಕ್ಕೆ ಎತ್ತಿಹಾಕಿದಿರಿ. ರೇವದೀಯ ಮಂಚದ ಮೇಲೆ "ಪ್ರತಿಕೂಲ ಮಾತೃಭಾಷೆ" ಎಂಬ ಚೀಟಿ ಅಂಟಿತು. ತಾಯಿಯ ಮಾತು ಮಗುವಿಗೆ ಪ್ರತಿಕೂಲ ಎಂದು ಬರೆಯಲು ಹೋಗಿ ಹಾಗೆ ಬರೆದರಂತೆ. ನಿಮ್ಮ ವಿಭಾಗ ಅಪ್ಪಿತಪ್ಪಿ ನಿಜ ನುಡಿದದ್ದು ಇದೊಂದೇ ಸಲ. ನಮ್ಮ ಮಾತೃಭಾಷೆ ನಿಮಗೆ ನಿಜಕ್ಕೂ ಪ್ರತಿಕೂಲವಾಗಿದೆ. ಮಗುವನ್ನು ಎದೆಯಿಂದ ಬಿಡಿಸಿ ಮತ್ತೆ ಗಾಜಿನೊಳಗೆ ಇಟ್ಟರು.

ಇಲ್ಲಿ ನ್ಯಾಯಕ್ಕೆ ದಾರಿಯೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನಿಮ್ಮ ಸಂಶೋಧನಾಧಿಕಾರಿಗಳು, ನಲವತ್ತರ ಆಸುಪಾಸಿನ ಸಭ್ಯರು, ಡಬ್ಬಿಯನ್ನು ಕೈಯಲ್ಲಿ ಹಿಡಿದು ವಿಚಾರಣೆಗೆ ಬಂದರು.

"ಮಗೂನ ಕುರೂಪಿ ಅಂದಿದ್ದು ಹೌದಾ?"

"ಹೌದು" ಎಂದಳು ರೇವದೀ.

"ಯಾಕಮ್ಮ? ನಿಮಗೆ ಮಗು ಇಷ್ಟ ಇಲ್ವಾ?"

ರೇವದೀ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ಅವ್ವ ಮೊರದ ಮುಖ ನೋಡಿದಳು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಯಾವ ಮಾತನ್ನು ಇಷ್ಟು ದಿನ ಹಲ್ಲು ಕಚ್ಚಿ ತಡೆದುಕೊಂಡಿದ್ದೆವೋ ಅದನ್ನೇ ಬಿಡಿಸಿ ಹೇಳಬೇಕು. ನಿರಪರಾಧಿ ಎಂದು ಸಾಬೀತು ಮಾಡಲು ಅಪರಾಧ ಮಾಡಬೇಕು. ನಿಮ್ಮ ಅಧಿಕಾರಿಗಳು ಇನ್ನೂ ದಯೆ ತೋರಿದರು. "ನೋಡಿ, ಕಷ್ಟ ಏನಿಲ್ಲ. ಮಗು ಹತ್ರ ನಿಂತು ನಾಲ್ಕು ಒಳ್ಳೆ ಮಾತು ಹೇಳಿ. ಚೆಂದ, ಮುದ್ದು, ಏನಾದ್ರೂ. ಹಸಿರು ಬಂದ್ರೆ ಇವತ್ತೇ ಎದೆಗೆ ಕಟ್ಟಿಕೊಡ್ತೀವಿ."

ಆ ಹುಡುಗಿ ಗಾಜಿನ ಮುಂದೆ ನಿಂತಳು. ಗಂಡ ದಕ್ಷಿಣದ ಕಡಲಲ್ಲಿ ಮೀನು ದೋಣಿಯ ಮೇಲಿದ್ದಾನೆ. ಎದೆಹಾಲು ಅಂಗಿ ತೋಯಿಸುತ್ತಿತ್ತು. ಹೇಳಿದರೆ ಮಗು ಕೈಗೆ ಬರುತ್ತದೆ. ಹೇಳಿದ ಮೇಲೆ ಕೈಯಲ್ಲಿ ಉಳಿಯುತ್ತದೆಂದು ಅವಳಿಗೆ ಯಾರು ಹೇಳಬೇಕು? ನಂಜಿನ ಬಾಯಿಂದ ಒಮ್ಮೆ ಬಿಡಿಸಿಕೊಂಡು ಬಂದ ಕೂಸು. ಇದು ಮೂಢನಂಬಿಕೆ ಎನ್ನುವಿರಿ. ಇರಬಹುದು. ನಾನು ಸ್ನಾತಕೋತ್ತರ ಪದವೀಧರೆ, ಆದರೂ ಆ ಗಾಜಿನ ಮುಂದೆ ನನ್ನ ನಾಲಿಗೆಯೂ ಏಳಲಿಲ್ಲ. ರೇವದೀ ಥಟ್ಟನೆ ತಿರುಗಿ, ನಿಮ್ಮ ಅಧಿಕಾರಿಗಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಎಷ್ಟು ಮುದ್ದಾಗಿದ್ದೀಯೋ ನನ್ನ ಬಂಗಾರ. ಏನು ಕಣ್ಣು, ಏನು ಕೆನ್ನೆ. ತಿಂದುಬಿಡೋಣ ಅನ್ಸುತ್ತೆ."

ಡಬ್ಬಿ ಹಸಿರಾಯಿತು. ಅಧಿಕಾರಿಗಳು ಕೆಂಪಾದರು.

"ಇದು ಲೆಕ್ಕಕ್ಕೆ ಬರಲ್ಲ" ಎಂದರು ಅವರು, ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು. "ಮಗೂಗೆ ಹೇಳಬೇಕಿತ್ತು."

"ಯಾಕೆ ಸಾಹೇಬ್ರೆ, ಡಬ್ಬಿ ಒಪ್ಪಿತಲ್ಲ?" ಎಂದಳು ಅವ್ವ. ಆಮೇಲೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಜವಾದ ಕಾಳಜಿಯಿಂದ, "ನೀವು ಸ್ವಲ್ಪ ಹುಷಾರಾಗಿರಿ. ಯಾರಾದ್ರೂ ಹಿರಿಯರ ಹತ್ರ ಬೈಸ್ಕೊಂಡು ಹೋಗಿ" ಎಂದಳು. ಅವರು ನಕ್ಕು ಹೊರಟುಹೋದರು. ಮರುದಿನ ಅವರಿಗೆ ಎರಡು ಕಣ್ಣೂ ಊದಿಕೊಂಡು ಕಣ್ಣುಬೇನೆ ಬಂದದ್ದು ಕೇವಲ ಕಾಕತಾಳೀಯ ಎಂದು ನಾನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅವರ ಕಣ್ಣಿಗೆ ಹನಿ ಹಾಕಿದವರು ಓರನುಚ್. ಹನಿ ಹಾಕುತ್ತ, "ಏನು ಕೊಳಕು ಕಣ್ಣಪ್ಪ ನಿಮ್ಮದು" ಎಂದರಂತೆ. ಬೇಗ ವಾಸಿಯಾಯಿತು ಎಂದು ಕೇಳಿದೆ.

ನಗುವಿಗೆ ಇಷ್ಟು ಸಾಕು. ನಿಮ್ಮ ಪ್ರಯೋಗಾಲಯದ ಬಾಗಿಲಲ್ಲಿ ದೊಡ್ಡ ಅಕ್ಷರದ ಫಲಕವಿದೆ: ಜೊಲ್ಲು ಸುಳ್ಳು ಹೇಳುವುದಿಲ್ಲ. ಹಾಗಿದ್ದರೆ ಜೊಲ್ಲನ್ನೇ ಕೇಳೋಣ. ತಾಯಿ ಎಂಬ ಹಕ್ಕಿನಿಂದ ರೇವದೀ ತನ್ನ ಮಗುವಿನ ಫಲಿತಾಂಶವನ್ನು ಕೇಳಿದಳು, ನಿಮ್ಮ ವೈದ್ಯರು ಮುಚ್ಚುಮರೆಯಿಲ್ಲದೆ ತೋರಿಸಿದರು. ಅವಳು ಎದೆಗೆ ಕಟ್ಟಿಕೊಂಡು ಬದನೆಕಾಯಿ, ಕಪ್ಪೆ, ದರಿದ್ರ ಎಂದು ಗುನುಗುತ್ತಿದ್ದ ದಿನಗಳಲ್ಲಿ, ಡಬ್ಬಿ ಉರಿದು ಕೆಂಪಾಗಿದ್ದ ಹೊತ್ತಿನಲ್ಲಿ, ಆ ದುಗುಡದ ಸೂಚಕ ಇಳಿಯುತ್ತ ಇಳಿಯುತ್ತ ನೆಲ ಮುಟ್ಟಿತ್ತು. ಡಬ್ಬಿಗೆ ನೆಮ್ಮದಿಯಾಗಲೆಂದು ಮಗುವನ್ನು ಒಂಟಿಯಾಗಿ ಮಲಗಿಸಿದ ಮೇಲೆ ದಿನದಿಂದ ದಿನಕ್ಕೆ ಏರುತ್ತಿದೆ. ಮಗು ಸೊರಗುತ್ತಿದೆ. ನಿಮ್ಮದೇ ಒಂದು ಉಪಕರಣ ನಿಮ್ಮದೇ ಇನ್ನೊಂದು ಉಪಕರಣವನ್ನು ಸುಳ್ಳುಗಾರ ಎನ್ನುತ್ತಿದೆ. ಹತ್ತಿಯಲ್ಲಿ ಒರೆಸಿ ಪಡೆದ ಸತ್ಯ ದೊಡ್ಡದೋ, ಗೋಡೆಗೆ ನೇತುಹಾಕಿದ ಸತ್ಯ ದೊಡ್ಡದೋ? ಮಗುವಿಗೆ ತಾಯಿಯ ಮಾತಿನ ಅರ್ಥ ತಿಳಿದಿದೆ. ಅದಕ್ಕೆ ಪದಗಳಿಲ್ಲ, ಆದ್ದರಿಂದ ಅದು ಪದಗಳಿಂದ ಮೋಸಹೋಗುವುದಿಲ್ಲ. ಆ ಕೂಸಿನಷ್ಟು ಕಿವಿ ನಿಮ್ಮ ವಿಭಾಗಕ್ಕೆ ಬಂದರೆ ಸಾಕು.

ಆದಕಾರಣ ನನ್ನ ಬೇಡಿಕೆ. ಇವತ್ತೇ, ಈ ಪತ್ರಿಕೆ ಮಡಚಿಟ್ಟ ಕೂಡಲೇ, ಖಿಯತ್‌ಳನ್ನು ಅವಳ ತಾಯಿಯ ಎದೆಗೆ ಕಟ್ಟಿಕೊಡಿ. ಓರನುಚ್ ಅವರನ್ನು ಕಣ್ಣುಗಳಿಂದ ಬಿಡಿಸಿ ಕೂಸುಗಳ ಕಡೆಗೆ ಕಳಿಸಿಕೊಡಿ. ಡಬ್ಬಿಯನ್ನು ಒಡೆಯಿರಿ ಎನ್ನುವುದಿಲ್ಲ. ಅದನ್ನು ಒಂದು ಮಳೆಗಾಲದ ಮಟ್ಟಿಗೆ ನಮ್ಮವ್ವನ ಜಗಲಿಗೆ ಕಳಿಸಿ, ನಮ್ಮ ಭಾಷೆ ಕಲಿತು ಬರಲಿ. ಅವ್ವ ಆಗಲೇ ಅದಕ್ಕೆ ಒಂದು ಮೊರ ತೆಗೆದಿಟ್ಟಿದ್ದಾಳೆ. ಅದು ಯಾರ ಮಗುವೆಂದು ಮೊದಲು ಇತ್ಯರ್ಥವಾಗಬೇಕಂತೆ.

ನೀವೇ ಬಂದು ಮಗುವನ್ನು ನೋಡುವುದಾದರೆ ಸ್ವಾಗತ. ನೋಡಿದ ಮೇಲೆ ನಿಮ್ಮ ಬಾಯಲ್ಲಿ ಒಂದು ಮಾತು ತಾನಾಗಿ ಬರುತ್ತದೆ. ದಯವಿಟ್ಟು ಅದನ್ನು ನುಂಗಿಕೊಳ್ಳಿ. ನಾನು ಇಷ್ಟುದ್ದ ಬರೆದೂ ನುಂಗಿಕೊಂಡಿದ್ದೇನೆ.

ಇಂತಿ,
ಈ ನದಿಯ ಎರಡೂ ದಡದಲ್ಲಿ ಇಷ್ಟು ಕುರೂಪಿ ಮಗುವನ್ನು ಹಿಂದೆಂದೂ ಕಂಡಿರದ,
ಅದರ ದೊಡ್ಡಜ್ಜಿ